ಉಪಾಧ್ಯಾಯರ ಹಾಡು

1874ರಲ್ಲಿ ಬಂಟವಾಳದಲ್ಲಿ ಜನಿಸಿ, ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದ ಪಂಜೆ ಮಂಗೇಶರಾಯರು, ಆ ಕಾರ್ಯಭಾರದ ನಡುವೆಯೇ ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಮಕ್ಕಳಿಗಾಗಿ ಹಾಡು ಕಟ್ಟಿದರೆಂಬುದನ್ನು ನೆನೆದಾಗಲೆಲ್ಲ, ಅಧ್ಯಾಪನವೂ ಕಾವ್ಯರಚನೆಯೂ ಪರಸ್ಪರ ವಿರೋಧಿಗಳೆಂಬ ಮಾತು ನನಗೆ ನಿರಾಧಾರವಾಗಿ ತೋರುತ್ತದೆ. ಕೊಡಗಿನ ವಾಸವೇ ಅವರಿಂದ ‘ಹುತ್ತರಿಯ ಹಾಡ’ನ್ನು ಬರೆಯಿಸಿತಷ್ಟೆ! 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ಸಂದಿತು.

ನಾನು ಪ್ರಾಥಮಿಕ ಶಾಲೆಯ ಅಧ್ಯಾಪಿಕೆ. ಅವರ ‘ಹಾವಿನ ಹಾಡ’ನ್ನು ಕಲಿಸಿದ ದಿನ, ಅದುವರೆಗೆ ಯಾವ ಪ್ರಶ್ನೆಗೂ ತುಟಿ ಬಿಚ್ಚದಿದ್ದ ಬಾಲಕಿಯೊಬ್ಬಳು ಹಿಂದಿನ ಸಾಲಿನಿಂದ ಎದ್ದು ಬಂದು, ಅಂಗೈಯನ್ನು ಹೆಡೆಯಂತೆ ಬಾಗಿಸಿ, ಮಣಿಕಟ್ಟನ್ನು ಮೆಲ್ಲನೆ ತೂಗುತ್ತ, ಹಾಡಿನಲ್ಲಿಲ್ಲದ ಎರಡು ಸಾಲುಗಳನ್ನು ತಾನೇ ಹೊಸೆದು ಸೇರಿಸಿದಳು. ಪ್ರಾಸ ತಪ್ಪಿತ್ತು; ಲಯ ತಪ್ಪಿರಲಿಲ್ಲ. ವರ್ಷಾಂತ್ಯದ ಯಾವ ಪರೀಕ್ಷೆಯೂ ಅಳೆಯಲಾರದ ಸಂಪತ್ತು ಅದೆಂದು ನಾನು ದೃಢವಾಗಿ ನಂಬುತ್ತೇನೆ.

ಅಂದು ಸಾಯಂಕಾಲ ಆ ಸಾಲುಗಳನ್ನು ನಾನು ಅಡುಗೆಮನೆಯಲ್ಲಿ ಗುನುಗುತ್ತಿರಲು, ಸೊಪ್ಪು ಬಿಡಿಸುತ್ತ ಕುಳಿತಿದ್ದ ಅತ್ತೆಯವರು ತಮ್ಮ ಬಾಲ್ಯದ ಶಿಶುಪ್ರಾಸವೊಂದನ್ನು ಎತ್ತಿಕೊಂಡರು. ಮಗನು ಊಟದ ತಟ್ಟೆಯ ಮೇಲೆ ತಾಳ ಹಾಕಿದನು. ಸಂಸಾರದ ದುಡಿಮೆ ಸೃಷ್ಟಿಶಕ್ತಿಯನ್ನು ಕುಗ್ಗಿಸುತ್ತದೆಂದು ದೂರುವವರುಂಟು, ಆ ದಣಿವನ್ನು ನಾನೂ ಬಲ್ಲೆ. ಆದರೆ ಮಕ್ಕಳ ಪದ್ಯಕ್ಕೆ ಬೇಕಾದ ಕಿವಿಯು ಮಕ್ಕಳ, ಮುದುಕರ ಸಹವಾಸದಲ್ಲಲ್ಲದೆ ಬೇರೆಲ್ಲಿ ತಾನೇ ಪಳಗೀತು? ಅತ್ತೆಯವರ ಪ್ರಾಸವನ್ನು ಬರೆದುಕೊಂಡಿದ್ದೇನೆ. ಇಂದಿನ ಮೊದಲ ಅವಧಿಯಲ್ಲಿ ಅದನ್ನು ಮೂರನೆಯ ತರಗತಿಗೆ ಹೇಳಿಕೊಡಬೇಕೆಂದಿದ್ದೇನೆ.