ತಾತ ರಿವೆಟ್ ಹೊಡೆದ ವಿಮಾನ

ಇವತ್ತಿನ ಮಾತು ಒಂದು ವಿಮಾನದ್ದು. ಹಾರೋದಲ್ಲ, ನಿಂತಿರೋದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆಯಲ್ಲ, ಅದರ ಅಂಗಳದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರೋ ಫೈಟರ್ ಜೆಟ್, ಎಚ್‌ಎಫ್-24 ಮಾರುತ್. ಶಾಲೆ ಟ್ರಿಪ್‌ನಲ್ಲಿ ಹೋಗಿದ್ರೆ ನೀವೂ ಅದರ ಮುಂದೆ ಫೋಟೊ ತೆಗೆಸಿಕೊಂಡಿರ್ತೀರಿ. ನಾನೂ ಏಳನೇ ಕ್ಲಾಸಲ್ಲಿ ತೆಗೆಸಿಕೊಂಡಿದ್ದೆ. ಅದರ ಹೆಸರು ಕೂಡ ಓದಿರಲಿಲ್ಲ.

ನಮ್ಮದು ನಂಜನಗೂಡು, ಅಮ್ಮನ ತವರು ತಿ. ನರಸೀಪುರ. ಅಲ್ಲಿಂದ ನಮ್ಮ ತಾತ 1960ರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಕೆಲಸಕ್ಕೆ ಸೇರಿದ್ರು. ರಿಟೈರ್ ಆಗಿ ಊರಿಗೇ ವಾಪಸ್ ಬಂದ್ರು. "ತಾತ ವಿಮಾನದ ಫ್ಯಾಕ್ಟರೀಲಿದ್ರು", ಮನೇಲಿ ನಮಗೆಲ್ಲ ಗೊತ್ತಿದ್ದದ್ದು ಇಷ್ಟೇ. ಅಲ್ಲಿ ಏನು ಮಾಡ್ತಿದ್ರು ಅಂತ ಯಾರೂ ಕೇಳಿರಲಿಲ್ಲ.

ಡಿಗ್ರಿಯಲ್ಲಿ ಒಂದು ಸೆಮಿನಾರ್ ಕೊಡಬೇಕಿತ್ತು. ನಾಲ್ಕು ವಿಡಿಯೊ ನೋಡಿ ಸ್ಲೈಡ್ ಮಾಡ್ಕೊಂಡೆ. ಟೈಟಲ್ 'ಮಾರುತ್: ಒಂದು ಸೋತ ವಿಮಾನ'. ರಜೆಗೆ ನರಸೀಪುರಕ್ಕೆ ಹೋದಾಗ ಲ್ಯಾಪ್‌ಟಾಪ್ ಜಗಲಿ ಮೇಲೆ ತೆರೆದೇ ಇತ್ತು. ತಾತ ಕನ್ನಡಕ ಹಾಕ್ಕೊಂಡು ಆ ಒಂದು ಸಾಲು ಓದಿದ್ರು. ಬಯ್ಯಲಿಲ್ಲ. ಆದ್ರೆ ಅವತ್ತು ರಾತ್ರಿ ಊಟ ಮಾಡಲಿಲ್ಲ. "ಅದಕ್ಕೆ ರಿವೆಟ್ ಹೊಡೆದ ಕೈ ಕಣೇ ಅದು" ಅಂತ ಅಜ್ಜಿ ಹೇಳಿದಾಗಲೇ ನನಗೆ ಗೊತ್ತಾಗಿದ್ದು.

ವಿಡಿಯೊಗಳಲ್ಲಿ ಇದ್ದದ್ದೇನೂ ಸುಳ್ಳಲ್ಲ. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದ್ರು. ಇಲ್ಲಿನ ಎಂಜಿನಿಯರ್‌ಗಳ ಜೊತೆ ಸೇರಿ ಶಬ್ದದ ಎರಡು ಪಟ್ಟು ವೇಗದ ವಿಮಾನ ಮಾಡಬೇಕು ಅಂತ ಹೊರಟ್ರು. ಮೊದಲ ಮಾರುತ್ ಹಾರಿದ್ದು 1961ರ ಜೂನ್ 17ರಂದು. ಹಾರಿಸಿದವರು ಸುರಂಜನ್ ದಾಸ್. ಹೌದು, ಬೆಂಗಳೂರಲ್ಲಿ ನೀವು ಟ್ರಾಫಿಕ್‌ನಲ್ಲಿ ಸಿಕ್ಕಾಕಿಕೊಳ್ತೀರಲ್ಲ, ಅದೇ ಸುರಂಜನ್ ದಾಸ್ ರಸ್ತೆಯ ಸುರಂಜನ್ ದಾಸ್. 1970ರಲ್ಲಿ ಅವರು ಪ್ರಾಣ ಬಿಟ್ಟಿದ್ದೂ ಮಾರುತ್ ಅಪಘಾತದಲ್ಲೇ.

ತೊಂದರೆ ಆಗಿದ್ದು ಎಂಜಿನ್‌ದು. ಈ ವಿಮಾನಕ್ಕೆ ಅಂತ ಲೆಕ್ಕ ಹಾಕಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಬ್ರಿಟನ್ನಿನಲ್ಲಿ ಇನ್ನೂ ತಯಾರಾಗಬೇಕಿತ್ತು. ಅದನ್ನ ಮುಗಿಸೋಕೆ ದುಡ್ಡು ಹಾಕಿ ಅಂದ್ರು, ನಮ್ಮ ಸರ್ಕಾರ ಹಾಕಲಿಲ್ಲ. ಕೊನೆಗೆ ಕೈಗೆ ಸಿಕ್ಕ ಕಡಿಮೆ ಬಲದ ಎರಡು ಎಂಜಿನ್ ಕೂರಿಸಿದ್ರು. ಅಂದುಕೊಂಡಿದ್ದ ವೇಗ ಯಾವತ್ತೂ ಬರಲಿಲ್ಲ. ಆದ್ರೂ 147 ವಿಮಾನ ಮಾಡಿದ್ರು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಅವು ದಾಳಿಗೆ ಹೋದವು. ಗುಂಡೇಟಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ವಾಪಸ್ ಬಂದ ಮಾರುತ್‌ಗಳಿದ್ದವು. ನನ್ನ ಸ್ಲೈಡಲ್ಲಿ ಇದು ಇರಲಿಲ್ಲ.

ಒಂದು ವಾರ ಬಿಟ್ಟು ತಾತನೇ ನಂಜನಗೂಡಿಗೆ ಬಂದ್ರು. "ಬಾ, ಅದನ್ನ ನೋಡ್ಕೊಂಡು ಬರಣ" ಅಂದ್ರು. ಬೆಳಿಗ್ಗೆ ಬಸ್ಸಲ್ಲಿ ಮೈಸೂರು, ಅಲ್ಲಿಂದ ರೈಲು. ಮಂಡಕಳ್ಳಿ ಏರ್‌ಪೋರ್ಟ್ ದಾಟೋವಾಗ ಕಿಟಕಿಯಿಂದ ಇಣುಕಿ ನೋಡಿದ್ರು, ಒಂದೂ ವಿಮಾನ ಇರಲಿಲ್ಲ.

ಮ್ಯೂಸಿಯಂ ಒಳಗೆ ಅವರು ಹೋಗಲೇ ಇಲ್ಲ. ಮಾರುತ್ ಹತ್ತಿರ ಹೋಗಿ ರೆಕ್ಕೆಯ ಅಡಿಯನ್ನೇ ನೋಡ್ತಾ ನಿಂತ್ರು. ಕಿವಿ ಮಂದ, ನಾನು ಕೂಗಿ ಕೂಗಿ ಕೇಳಬೇಕು. ಅವರು ಹೇಳಿದ್ದು ಹೀಗೆ: ರಿವೆಟ್ ಹೊಡೆಯೋಕೆ ಇಬ್ಬರು ಬೇಕು. ಒಬ್ಬ ಹೊರಗಿಂದ ಗನ್ ಹಿಡೀತಾನೆ, ಇನ್ನೊಬ್ಬ ಒಳಗೆ ತೂರಿ ಕಬ್ಬಿಣದ ಗಟ್ಟಿ ಒತ್ತಿ ಹಿಡೀಬೇಕು. ತಾತ ಸಣಕಲು, ಅದಕ್ಕೆ ಒಳಗಿನ ಕೆಲಸ ಅವರದ್ದು. ತಗಡಿನ ಮೇಲೆ ರಿವೆಟ್ ತಲೆ ಕೂದಲೆಳೆಯಷ್ಟೂ ಎದ್ದಿರಬಾರದು, ಎದ್ದರೆ ಗಾಳಿ ತಡೆಯುತ್ತೆ. ಬೆರಳಲ್ಲಿ ಸವರಿ ನೋಡಿ, ಎದ್ದಿದ್ರೆ ಕಿತ್ತು ಮತ್ತೆ ಹೊಡೀತಿದ್ರಂತೆ.

"ಇದೇನಾ ನೀವು ಮಾಡಿದ್ದು?" ಅಂತ ಕೇಳಿದೆ.

"ಅದೆಂಗೆ ಹೇಳಲಮ್ಮ? ಎಲ್ಲಾ ಒಂದೇ ಥರ." ಸ್ವಲ್ಪ ಹೊತ್ತು ಬಿಟ್ಟು, "ಎತ್ತು ಬಡಕಲು ಅಂತ ಗಾಡಿ ಮಾಡಿದೋನ್ನ ಬಯ್ತಾರಾ?" ಅಂದ್ರು.

ತಾತನ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಎತ್ತು ಹುಟ್ಟೋ ಮುಂಚೆನೇ ಗಾಡಿ ಕಟ್ಟಿದ್ದೂ ತಪ್ಪಲ್ವಾ? ಆದ್ರೆ ಆ ತಪ್ಪು ರಿವೆಟ್ ಹೊಡೆದವರದ್ದಲ್ಲ. ಎಂಜಿನ್ ಕಥೆ ಅಲ್ಲಿಗೆ ಮುಗಿಯಲೂ ಇಲ್ಲ. ತೇಜಸ್‌ಗೆ ಅಂತ ಬೆಂಗಳೂರಲ್ಲೇ ಒಂದು ಎಂಜಿನ್ ಮಾಡೋಕೆ ಹೊರಟ್ರು. ಅದರ ಹೆಸರು ಕಾವೇರಿ, ನಮ್ಮ ನರಸೀಪುರದಲ್ಲಿ ಕಪಿಲೆ ಜೊತೆ ಸೇರೋ ಕಾವೇರಿ. ಬೇಕಾದಷ್ಟು ಬಲ ಅದಕ್ಕೂ ಬರಲಿಲ್ಲ. 2001ರಲ್ಲಿ ತೇಜಸ್ ಮೊದಲ ಸಲ ಹಾರಿದ್ದು ಅಮೆರಿಕದ ಎಂಜಿನ್‌ನಲ್ಲಿ. ರೈಲಲ್ಲಿ ಇದನ್ನ ಹೇಳಿದೆ. "ನೋಡಿದ್ಯಾ" ಅಂದ್ರು, ಅಷ್ಟೇ. ಮದ್ದೂರು ಬರೋ ಹೊತ್ತಿಗೆ ನಿದ್ದೆ ಹೋಗಿದ್ರು.

ಸೆಮಿನಾರ್ ಟೈಟಲ್ ಬದಲಾಯಿಸಿದೆ: 'ಮಾರುತ್ ಮತ್ತು ಅದರ ಎಂಜಿನ್'. ಟೈಟಲ್ ಸಪ್ಪೆ ಅಂದ್ರು ಕ್ಲಾಸಲ್ಲಿ. ಇರಲಿ.

ಈ ಎಪಿಸೋಡ್ ತಾತನಿಗೆ ಕೇಳಿಸಲ್ಲ. ಅದಕ್ಕೆ ಈ ಬರಹವನ್ನೇ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಭಾನುವಾರ ತಗೊಂಡು ಹೋಗ್ತಿದ್ದೀನಿ. ರಿವೆಟ್ ವಿಷಯದಲ್ಲಿ ಏನಾದ್ರೂ ತಪ್ಪು ಹೇಳಿದ್ರೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ಕೊಡ್ತಾರೆ. ಮುಂದಿನ ಸಂಚಿಕೆಯಲ್ಲಿ ಅದನ್ನ ಓದ್ತೀನಿ.