ಮನೆಯ ಮೋಡೆಮ್, ಊರಿನ ತರಂಗ



ಬೆಳಗಾವಿ ನಗರದ ಮನೆಗಳಲ್ಲಿ ನಿಸ್ತಂತು ಮೋಡೆಮ್ ಗೋಡೆಯ ಗಡಿಯಾರದಷ್ಟೇ ಸಾಮಾನ್ಯ ವಸ್ತುವಾಗಿದೆ. ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಹಳ್ಳಿಗಳಿಗೂ ಅದು ಬಂದಿದೆ. ಈ ಪುಟ್ಟ ಪೆಟ್ಟಿಗೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಇದರಿಂದ ದೇಹಕ್ಕೆ ಹಾನಿಯಿದೆಯೇ? ನೆರೆಯವರಿಗೆ ತೊಂದರೆಯಿದೆಯೇ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಆದರೆ ಗುಡ್ಡಗಾಡಿನಲ್ಲಿ ಜೀವಕ್ಕೆ ಎರವಾಗಬಲ್ಲದ್ದು ಎರಡನೆಯದೇ.

ಮೊದಲು ಆರೋಗ್ಯದ ಮಾತು. ರೇಡಿಯೋ ತರಂಗಗಳಿಗೆ ಕ್ಷ-ಕಿರಣಗಳಂತೆ ಅಣುಗಳನ್ನು ಒಡೆಯುವ ಶಕ್ತಿಯಿಲ್ಲ. ಅವುಗಳ ದೃಢಪಟ್ಟ ಪರಿಣಾಮವೆಂದರೆ ಅಂಗಾಂಶವನ್ನು ಬಿಸಿ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2011ರಲ್ಲಿ ಇವನ್ನು ‘ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ಇದರ ಅರ್ಥ ಸಾಕ್ಷ್ಯ ಸೀಮಿತ ಎಂದೇ ಹೊರತು ಅಪಾಯ ಸಾಬೀತಾಗಿದೆ ಎಂದಲ್ಲ. ಭಾರತ ಸರ್ಕಾರವು 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಮೋಡೆಮ್ ಬಳಸುವಂಥ ಮೇಲಿನ ಕಂಪನಾಂಕಗಳಲ್ಲಿ ಅದು ಚದರ ಮೀಟರಿಗೆ 1 ವ್ಯಾಟ್.

ಈ ಅಳತೆಗೋಲಿನಿಂದಲೇ ನೋಡೋಣ. 0.1 ವ್ಯಾಟ್ ಹೊರಸೂಸುವ ಮೋಡೆಮ್‌ನಿಂದ ಒಂದು ಮೀಟರ್ ದೂರದಲ್ಲಿ ಬೀಳುವುದು ಚದರ ಮೀಟರಿಗೆ ಸುಮಾರು 0.008 ವ್ಯಾಟ್, ಮಿತಿಯ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. 20 ಸೆಂಟಿಮೀಟರಿನಲ್ಲಿ ಅದು ಸುಮಾರು 0.2 ವ್ಯಾಟ್. ದೂರ ಇಮ್ಮಡಿಯಾದರೆ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಮೋಡೆಮ್ ದಿಂಬಿನ ಬದಿಯಲ್ಲಿ ಬೇಡ, ಎತ್ತರದ ಗೂಡಿನಲ್ಲಿರಲಿ. ಸಿಮ್ ಹಾಕುವ ಮೋಡೆಮ್ ಸಿಗ್ನಲ್ ಕ್ಷೀಣಿಸಿದಂತೆ ತನ್ನ ಪ್ರಸರಣ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಅದನ್ನು ಗೋಪುರದ ದಿಕ್ಕಿನ ಕಿಟಕಿಯಲ್ಲಿಡುವುದು ದೇಹಕ್ಕೂ ಕೆಲಸಕ್ಕೂ ಲೇಸು.

ಇನ್ನು ಎರಡನೆಯ ಪ್ರಶ್ನೆ. 2005ರಲ್ಲಿ ಸರ್ಕಾರವು 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನೂ ತೆರೆಯಿತು. ವೈಫೈ ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಇದು ಊರ ಗೋಮಾಳದಂತೆ: ಯಾರೂ ದನ ಮೇಯಿಸಬಹುದು, ಯಾರೂ ಬೇಲಿ ಹಾಕುವಂತಿಲ್ಲ. ಇತರರಿಗೆ ಅಡ್ಡಿ ಮಾಡಬಾರದು. ತನಗೆ ಅಡ್ಡಿಯಾದರೆ ರಕ್ಷಣೆ ಕೇಳುವ ಹಕ್ಕಿಲ್ಲ. ಉಪಕರಣಕ್ಕೆ ಶಕ್ತಿಯ ಮಿತಿಯೂ ಉಂಟು. ಅದಕ್ಕಾಗಿಯೇ ದೂರಸಂಪರ್ಕ ಇಲಾಖೆಯ ‘ಇಟಿಎ’ ಅನುಮೋದನೆ ಇದೆ. ಕೊಳ್ಳುವಾಗ ಅದನ್ನು ವಿಚಾರಿಸುವುದು ಬೀಜದ ಚೀಲದ ಪ್ರಮಾಣಪತ್ರ ನೋಡಿದಷ್ಟೇ ಅಗತ್ಯ.

ಮೊಬೈಲ್ ಗೋಪುರಗಳ ಕಂಪನಾಂಕಗಳಾದರೋ ಗೋಮಾಳವಲ್ಲ, ಪಟ್ಟಾ ಜಮೀನು. ಕಂಪನಿಗಳು ಹಣ ತೆತ್ತು ಪಡೆದವು. ಸಿಗ್ನಲ್ ಸಿಗದ ಹಳ್ಳಿಯವರು ನಗರದ ಅಂಗಡಿಯಿಂದಲೋ ಅಂತರಜಾಲದಿಂದಲೋ ಅನುಮೋದನೆಯಿಲ್ಲದ ಬೂಸ್ಟರ್ ತಂದು ಮಾಡಿನ ಮೇಲೆ ಕಟ್ಟಿದರೆ, ಅದು ಈ ಜಮೀನಿಗೆ ನುಗ್ಗಿದಂತೆ. ಬೂಸ್ಟರಿನ ಒಳಗಿನ ಆಂಟೆನಾದ ತರಂಗವು ಹೊರಗಿನ ಆಂಟೆನಾಕ್ಕೆ ಮರಳಿದರೆ, ಧ್ವನಿವರ್ಧಕದ ಮುಂದೆ ಮೈಕ್ ಹಿಡಿದಾಗ ಏಳುವ ಕೂಗಿನಂಥದೇ ಕೂಗು ಏಳುತ್ತದೆ. ಕಿವಿಗೆ ಕೇಳಿಸದ ಆ ಗದ್ದಲದಲ್ಲಿ ಗೋಪುರಕ್ಕೆ ದೂರದ ಮೊಬೈಲ್‌ಗಳ ದನಿ ಮುಳುಗಿಹೋಗುತ್ತದೆ. ಒಂದೇ ಗೋಪುರವನ್ನು ನಂಬಿದ ಹಲವು ಊರುಗಳಲ್ಲಿ ಹಾವು ಕಚ್ಚಿದವರ ಮನೆಯಿಂದ 108ಕ್ಕೆ ಹೋಗಬೇಕಾದ ಕರೆ ಹೋಗದೇ ಉಳಿಯಬಹುದು. ಬೂಸ್ಟರ್ ಕಟ್ಟಿದವರಿಗೆ ಇದು ತಿಳಿಯುವುದೇ ಇಲ್ಲ. ಅವರ ಮನೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ.

1933ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. 2023ರ ದೂರಸಂಪರ್ಕ ಕಾಯಿದೆಯೂ ರೇಡಿಯೋ ಉಪಕರಣಕ್ಕೆ ಅನುಮತಿ ಬೇಕೆನ್ನುತ್ತದೆ. ಆದರೆ ಕಾಯಿದೆಯನ್ನು ತೋರಿಸಿ ಹಳ್ಳಿಗರನ್ನು ಗದರಿಸಿದರೆ ಸಾಲದು. ಬೂಸ್ಟರ್ ಕೊಳ್ಳುವುದು ದುರಾಸೆಯಿಂದಲ್ಲ, ಇಲ್ಲದಿರುವ ಸೇವೆಯಿಂದ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿತು. ತಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಗ್ರಾಮಸಭೆ ಕೇಳಲಿ. ಇಲ್ಲವಾದರೆ ಠರಾವು ಮಾಡಿ ಕಳಿಸಲಿ. ಯಾವ ಓಣಿಯಲ್ಲಿ, ಯಾವ ಹೊತ್ತಿನಲ್ಲಿ ಸಿಗ್ನಲ್ ಇಲ್ಲವೆಂದು ವಿದ್ಯಾರ್ಥಿಗಳು ಗುರುತಿಸಿ ಆ ಠರಾವಿಗೆ ಲಗತ್ತಿಸಲಿ.

ನೀರು, ಕಾಡುಗಳಂತೆ ತರಂಗವೂ ಹಂಚಿಕೊಂಡು ಬಾಳಬೇಕಾದ ಸೊತ್ತು. ಮೇಲಿನ ಗದ್ದೆಯವರು ಕಾಲುವೆ ಕಟ್ಟಿದರೆ ಕೆಳಗಿನ ಗದ್ದೆ ಒಣಗುವುದು ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಅಷ್ಟೇ.