ಮಾತಿನ ನಡುವಣ ಮೌನ

ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸತೊಡಗಿದಾಗ ಕೇಳುಗರು ಹೊತ್ತಿಗೆ ಸರಿಯಾಗಿ ಬಂದು ಕೂರಬೇಕಿತ್ತು. ಇಂದು ಕಾರ್ಯಕ್ರಮವೇ ಮೊಬೈಲಿನಲ್ಲಿ ಕೇಳುಗನ ಬಿಡುವಿಗಾಗಿ ಕಾದಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೂ ಸಂಜೆಯ ನಾಟಕ ತಪ್ಪದು. ಇದು ಸಣ್ಣ ಲಾಭವೇನಲ್ಲ.

ನನ್ನನ್ನು ಕಾಡುವುದು ವೇಗದ ಗುಂಡಿ. ನನ್ನ ಮೊಮ್ಮಗಳು ಕಥೆಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾಳೆ. “ಅರ್ಥವಾದರೆ ಸಾಲದೇ, ತಾತ?” ಎನ್ನುತ್ತಾಳೆ. ಅರ್ಥವೇನೋ ಆಗುತ್ತದೆ. ಆದರೆ ಓದುವವನು ಒಂದು ಮಾತಿನ ಮುಂದೆ ತಡೆದು ನಿಂತದ್ದು, ಉಸಿರೆಳೆದುಕೊಂಡದ್ದು, ಅದೂ ಕಥೆಯದೇ ಭಾಗವಲ್ಲವೇ? ಯಂತ್ರಕ್ಕೆ ಅದು ಬರಿಯ ಖಾಲಿ ಜಾಗ. ಪಾಕೆಟ್ ಕಾಸ್ಟ್ಸ್‌ನಂತಹ ಆ್ಯಪ್‌ಗಳಲ್ಲಿ ಮೌನವನ್ನು ಕತ್ತರಿಸಿಹಾಕುವ ಏರ್ಪಾಡೂ ಉಂಟು.

ಈ ಭಾಷಣದ ಪ್ರತಿಯ ಅಂಚಿನಲ್ಲಿ ಎರಡು ಕಡೆ ‘ಇಲ್ಲಿ ನಿಲ್ಲಬೇಕು’ ಎಂದು ಗುರುತು ಹಾಕಿಕೊಂಡಿದ್ದೇನೆ. ಅವಳ ಕಿವಿಯನ್ನು ಸೇರುವ ಹೊತ್ತಿಗೆ ಅವು ಉಳಿದಿರುತ್ತವೋ ಇಲ್ಲವೋ!